ಡೀಮನ್

ಲಿನಕ್ಸ್‌ನಲ್ಲಿ ಸೇವೆಗಳ ಮೇಲ್ವಿಚಾರಣೆ ಮಾಡುವ 'ಸಿಸ್ಟಮ್‌ಡಿ'ಯ ಕೊನೆಯ 'ಡಿ' ಡೀಮನ್‌ನ ಗುರುತು. ಪರದೆಯ ಹಿಂದೆ ಸದ್ದಿಲ್ಲದೆ ದುಡಿಯುವ ಪ್ರೋಗ್ರಾಂಗೆ ಆ ಹೆಸರು. ಎಸ್‌ಎಸ್‌ಎಚ್‌ಡಿ, ಎಚ್‌ಟಿಟಿಪಿಡಿಗಳ ಬಾಲದಲ್ಲೂ ಅದೇ ಅಕ್ಷರ.

ಕೇಳಿದವರಿಗೆ ದೆವ್ವ ನೆನಪಾದರೆ ತಪ್ಪೇನಿಲ್ಲ. ಆದರೆ 1963ರಲ್ಲಿ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ ಈ ಪದವನ್ನು ಬಳಕೆಗೆ ತಂದ ಫರ್ನಾಂಡೊ ಕಾರ್ಬಟೊ ತಂಡದ ಮನಸ್ಸಿನಲ್ಲಿದ್ದದ್ದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳ ವೇಗ ನೋಡಿ ಅವನ್ನು ಬೇರ್ಪಡಿಸುತ್ತ ಕೂರುವ ಪುಟ್ಟ ಜೀವಿ. ಗ್ರೀಕರ 'ದೈಮೋನ್' ಕೂಡ ಕೇಡಿಗನೇ ಆಗಬೇಕಿರಲಿಲ್ಲ.

ಹಾಗೆಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದು ಡೀಮನ್‌ನ ಲೋಪ ಹಿಡಿದು ದಾಳಿಕೋರ ಇಡೀ ಯಂತ್ರಕ್ಕೆ ಕೈಹಾಕಬಹುದು. ಸಿಸ್ಟಮ್‌ಡಿಯಲ್ಲಿ ಸೇವೆಯ ಕಡತಕ್ಕೆ 'ಪ್ರೊಟೆಕ್ಟ್‌ಸಿಸ್ಟಮ್=ಸ್ಟ್ರಿಕ್ಟ್' ಎಂದು ಸೇರಿಸಿದರೆ ಕಡತಗಳ ಬಹುಭಾಗ ಅದಕ್ಕೆ ಓದಲಷ್ಟೇ ಸಿಗುತ್ತದೆ; 'ಪ್ರೈವೇಟ್‌ಟಿಎಂಪಿ' ಹಾಕಿದರೆ ತಾತ್ಕಾಲಿಕ ಫೋಲ್ಡರ್ ಪ್ರತ್ಯೇಕವಾಗುತ್ತದೆ. ಬಿದ್ದರೆ ಎಬ್ಬಿಸಲು 'ರೀಸ್ಟಾರ್ಟ್=ಆನ್-ಫೇಲ್ಯೂರ್' ಇದೆ. ಆದರೆ ನಾವೇ ಬದಲಿಸದಿದ್ದರೆ, 10 ಸೆಕೆಂಡಿನೊಳಗೆ 5 ಸಲ ಶುರುಮಾಡಿಯೂ ಮತ್ತೆ ಬೀಳುವ ಸೇವೆಯನ್ನು ಸಿಸ್ಟಮ್‌ಡಿ ಕೈಬಿಡುತ್ತದೆ.

'ಸಿಸ್ಟಮ್‌ಡಿ-ಅನಲೈಜ್ ಸೆಕ್ಯೂರಿಟಿ' ಎಂಬ ಆಜ್ಞೆ ಪ್ರತಿ ಸೇವೆಗೂ ಅಂಕ ಕೊಡುತ್ತದೆ. ಶಾಲೆಯ ಲೆಕ್ಕಕ್ಕೆ ಇದು ತಿರುಗುಮುರುಗು: ಅಂಕ 10ಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು.