ರಾತ್ರಿಪಾಳಿಯ ಊರುಗಳು

ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಕಾಲದ ಒಂದು ಶಾಸನವಿದೆ. ‘ಬೆಂಗಳೂರು’ ಎಂಬ ಹೆಸರಿಗೆ ಸಿಕ್ಕಿರುವ ಹಳೆಯ ಲಿಖಿತ ಆಧಾರ ಅದೇ. ಅದು ಸಿಗುವುದೂ ಒಂದು ಸಾವಿನ ಸುದ್ದಿಯೊಳಗೆ. ಗಂಗರ ಕಾಲದ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಬೆಂಗಳೂರ ಕಾಳಗದಲ್ಲಿ ಮಡಿದ ಎಂಬುದು ಅದರ ಸಾರ. ಈ ಸೀಮೆಯಲ್ಲಿ ಸತ್ತವರನ್ನು ಹೀಗೆ ಕಲ್ಲಿನಲ್ಲಿ ಬರೆದು ಊರ ಅಂಚಿಗೆ ನಿಲ್ಲಿಸುತ್ತಿದ್ದರು. ವೀರಗಲ್ಲು, ಮಾಸ್ತಿಕಲ್ಲುಗಳು ಈಗಲೂ ಅಲ್ಲಲ್ಲಿ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒರಗಿಕೊಂಡು ನಿಂತಿವೆ.

ಕಲ್ಲು ಹಾಕಿಸಿಕೊಳ್ಳುವ ಯೋಗ್ಯತೆ ಇಲ್ಲದವರು ದೆವ್ವಗಳಾದರು. ಕೆರೆಗೆ ಹಾರಿದ ಸೊಸೆ, ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ ಒಡ್ಡ, ಹುಣಸೆಮರಕ್ಕೆ ನೇಣು ಹಾಕಿಕೊಂಡ ಸಾಲಗಾರ. ಹಳ್ಳಿಯಲ್ಲಿ ದೆವ್ವ ಎಂದರೆ ಯಾರ ಮನೆಯದು, ಯಾಕೆ ಸತ್ತದ್ದು, ಎಲ್ಲಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಅದಕ್ಕೆ ಬೇಕಾದ ಎಡೆಯೂ ಗೊತ್ತಿರುತ್ತಿತ್ತು.

1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟಿತು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ಕನಸು ಅದು. ತುಮಕೂರು ರಸ್ತೆಯ ಪೀಣ್ಯದಲ್ಲೂ ಅದೇ ದಶಕದಲ್ಲಿ ಕೈಗಾರಿಕಾ ಶೆಡ್ಡುಗಳು ಎದ್ದವು. 90ರ ದಶಕದಲ್ಲಿ ವೈಟ್‌ಫೀಲ್ಡಿಗೆ ಟೆಕ್ ಪಾರ್ಕ್ ಬಂತು. ಹುಣಸೆಮರಗಳು ಹೋದವು, ಹೊಲ ಮಾರಿದವರು ಬೇರೆ ಕಡೆ ಸೈಟು ಕೊಂಡರು, ಹಳೆಯ ದೆವ್ವಗಳಿಗೆ ವಿಳಾಸ ತಪ್ಪಿತು. ಅವುಗಳ ಜಾಗಕ್ಕೆ ಬಂದ ಭಯಗಳಿಗೆ ಹೆಸರಿರಲಿಲ್ಲ.

ಅಂಥದ್ದರಲ್ಲಿ ಮೊದಲನೆಯದು ಬಾಗಿಲು ತಟ್ಟುವ ದೆವ್ವ. 90ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ, ಕೈಗೆ ಸಿಕ್ಕಿದ್ದರಲ್ಲಿ. ರಾತ್ರಿ ಒಂದು ಹೆಣ್ಣುದೆವ್ವ ಬಂದು ಗಂಡನದೋ ತಾಯಿಯದೋ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬುದು ಸುದ್ದಿ. ಬರಹ ಓದಿ ಅದು ಹಿಂದೆ ಹೋಗುತ್ತದೆ, ಮಾರನೆಯ ರಾತ್ರಿ ಬಂದರೆ ಮತ್ತೆ ಅದೇ ಬರಹ. ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಸಾಲ’ ಬೋರ್ಡಿನಂತೆ ಇದೂ ಎಂದಿಗೂ ಮುಗಿಯದ ವಾಯಿದೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ ಎಂಬ ನಂಬಿಕೆಯನ್ನು ಮಾತ್ರ ಯಾರೂ ಪ್ರಶ್ನಿಸಿದಂತಿಲ್ಲ. 2018ರಲ್ಲಿ ಬಂದ ಹಿಂದಿಯ ‘ಸ್ತ್ರೀ’ ಸಿನಿಮಾ ಇದೇ ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು.

ರಾತ್ರಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರು ಸಲ ಕೂಗುವ ತನಕ ಓಗೊಡಬಾರದು ಎಂದು ಹಳ್ಳಿಯ ಅಜ್ಜಿಯರು ಮೊದಲಿನಿಂದಲೂ ಹೇಳುತ್ತಿದ್ದರು. ಆ ಮಾತು ಊರೂರಿನ ಬಾಗಿಲ ಮೇಲೆ ಬರಹವಾದ ದಶಕದಲ್ಲೇ ಬೆಂಗಳೂರಿನ ಹೊರವಲಯದಲ್ಲಿ ಬಾಗಿಲು ತಟ್ಟುವ ನಿಜವಾದ ಜನರೂ ಇದ್ದರು. ವೈಟ್‌ಫೀಲ್ಡಿನಿಂದ ಆಚೆ, ಹೊಸಕೋಟೆ ಕಡೆಯ ದಂಡುಪಾಳ್ಯದ ಹೆಸರಿನ ಗ್ಯಾಂಗು ಒಂಟಿ ಮನೆಗಳನ್ನು ಗುರುತು ಮಾಡಿಕೊಂಡು ದರೋಡೆ, ಕೊಲೆ ನಡೆಸುತ್ತಿತ್ತು. ಕುಡಿಯಲು ನೀರು ಕೇಳುವ ನೆಪದಲ್ಲಿ ಒಳಗೆ ಬರುತ್ತಾರೆ ಎಂಬುದೇ ಜನರ ನೆನಪಿನಲ್ಲಿ ಉಳಿದದ್ದು. ಬಾಯಾರಿ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುವ ಸೀಮೆಯಲ್ಲಿ ಈ ಸುದ್ದಿ ಮಾಡಿದ ಗಾಯ ದೊಡ್ಡದು. ಹೊಸ ಬಡಾವಣೆಗಳ ಬಾಗಿಲಿಗೆ ಕಬ್ಬಿಣದ ಗ್ರಿಲ್ಲು, ಇಣುಕುಗಂಡಿ ಬಂದವು. 2012ರ ‘ದಂಡುಪಾಳ್ಯ’ ಸಿನಿಮಾ ಆದಮೇಲಂತೂ ಆ ಊರಿನ ಹೆಸರು ಬೈಗುಳವಾಗಿಬಿಟ್ಟಿತು. ಅಲ್ಲಿ ರಾಗಿ ಬೆಳೆದುಕೊಂಡಿದ್ದವರು ಏನು ತಪ್ಪು ಮಾಡಿದ್ದರೋ!

ವೈಟ್‌ಫೀಲ್ಡಿನ ಚರಿತ್ರೆಯೇ ಬೇರೆ. 1882ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಹೆಸರೇ ಊರಿಗೆ ನಿಂತಿತು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂದು ದುಂಡಗೆ ಎಳೆದ ರಸ್ತೆಗಳು, ಹೆಂಚಿನ ಬಂಗಲೆಗಳು, ಮಾವಿನ ತೋಟ. ಯುವಕ ಚರ್ಚಿಲ್ ಇಲ್ಲಿನ ವೇವರ್ಲಿ ಇನ್‌ಗೆ ಒಬ್ಬ ಹುಡುಗಿಗಾಗಿ ಬಂದುಹೋಗುತ್ತಿದ್ದ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಅವನು ಬೆಂಗಳೂರು ದಂಡಿನಲ್ಲಿ ಇದ್ದದ್ದು ನಿಜ. ಉಳಿದದ್ದಕ್ಕೆ ಬಂಗಲೆಯ ದೆವ್ವಕ್ಕೆ ಇರುವಷ್ಟೇ ಸಾಕ್ಷಿ. ವಾರಸುದಾರರು ವಿದೇಶ ಸೇರಿ, ಬಂಗಲೆಗೆ ಬೀಗ ಬಿದ್ದು, ಹೆಂಚು ಕುಸಿದರೆ ದೆವ್ವ ಬಂದು ಸೇರಲು ಹೆಚ್ಚು ದಿನ ಬೇಕಿಲ್ಲ. ಅಂಥ ಅಟ್ಟಗಳಲ್ಲಿ ನಿಜವಾಗಿ ವಾಸಿಸುವುದು ಕಣಜ ಗೂಬೆ. ಬಿಳಿ ಮುಖ, ಸದ್ದೇ ಇಲ್ಲದ ರೆಕ್ಕೆ, ಉಸಿರುಗಟ್ಟಿದಂಥ ಚೀರು. ಟಾರ್ಚ್ ಹಿಡಿದು ಹೋದ ವಾಚ್‌ಮನ್ ಓಡಿಬಂದರೆ ಅವನನ್ನು ನೋಡಿ ನಗುವಂತಿಲ್ಲ.

ಇದೇ ಸೀಮೆಯಲ್ಲಿ ಒಂದು ರಾತ್ರಿಯ ಅತಿಥಿಗೆ ಮಾತ್ರ ಕ್ಯಾಮೆರಾದ ಸಾಕ್ಷಿ ಸಿಕ್ಕಿತು. 2016ರ ಫೆಬ್ರವರಿ 7, ಭಾನುವಾರ. ಕುಂದಲಹಳ್ಳಿ ಹತ್ತಿರದ ವಿಬ್‌ಗಯಾರ್ ಶಾಲೆಯ ಸಿಸಿಟಿವಿಯಲ್ಲಿ ನಸುಕಿನ ಹೊತ್ತು ಒಂದು ಚಿರತೆ ಓಡಾಡಿದ್ದು ದಾಖಲಾಗಿತ್ತು. ಮಕ್ಕಳಿಗೆ ರಜೆ ಇದ್ದದ್ದೇ ಪುಣ್ಯ. ಅರಣ್ಯ ಇಲಾಖೆಯವರು, ಪೊಲೀಸರು, ಕ್ಯಾಮೆರಾದವರು, ನೋಡಲು ಬಂದ ಜಾತ್ರೆ ಎಲ್ಲ ಸೇರಿತು. ಹಗಲೆಲ್ಲ ಅಡಗಿದ್ದ ಪ್ರಾಣಿ ಈಜುಕೊಳದ ಬಳಿ ಹೊರಬಿದ್ದಾಗ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಗೇಟು ಹತ್ತಿ ಆಚೆ ಹಾರಲು ನೋಡಿದರು. ಚಿರತೆ ಅವರನ್ನು ಎಳೆದು ಕೆಡವಿ ತೋಳು ಕಚ್ಚಿತು. ಆ ಕ್ಷಣದ ಚಿತ್ರ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಅರಿವಳಿಕೆ ಕೊಟ್ಟು ಹಿಡಿದದ್ದು ರಾತ್ರಿಯಾದ ಮೇಲೆ. ಬನ್ನೇರುಘಟ್ಟಕ್ಕೆ ಒಯ್ದರೆ ವಾರದೊಳಗೆ ಅಲ್ಲಿನ ಬೋನಿನಿಂದಲೂ ಅದು ತಪ್ಪಿಸಿಕೊಂಡಿತು.

ಅನಂತರದ ದಿನಗಳೇ ಹೆಚ್ಚು ಸ್ವಾರಸ್ಯದವು. ಇನ್ನೊಂದು ಚಿರತೆ ಕಂಡಿತು ಎಂಬ ಸುದ್ದಿ ಹಬ್ಬಿ ಸುತ್ತಲ ಹಲವು ಶಾಲೆಗಳಿಗೆ ರಜೆ ಕೊಟ್ಟರು. ನಾಯಿ ಬೊಗಳಿದರೆ ಚಿರತೆ, ಪೊದೆ ಅಲುಗಿದರೆ ಚಿರತೆ. ಹಿಂದೆ ದೆವ್ವ ಹಬ್ಬುತ್ತಿದ್ದ ದಾರಿಯಲ್ಲೇ ಅದೂ ಹಬ್ಬಿತು, ಬಾಯಿಯ ಬದಲು ವಾಟ್ಸ್ಆ್ಯಪ್ ಅಷ್ಟೆ. 2023ರ ಅಕ್ಟೋಬರ್ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಸಿಂಗಸಂದ್ರ, ಕೂಡ್ಲು ಗೇಟ್ ಬಳಿ ಇನ್ನೊಂದು ಚಿರತೆ ಅಪಾರ್ಟ್‌ಮೆಂಟಿನ ಕ್ಯಾಮೆರಾಗಳಲ್ಲಿ ಸಿಕ್ಕಿತು. ನವೆಂಬರ್ 1ರಂದು ಕಾರ್ಯಾಚರಣೆಯಲ್ಲೇ ಗುಂಡೇಟಿಗೆ ಸತ್ತಿತು.

ಕೆರೆಗಳ ಮಾತು ಬಂದರೆ, ಕೊಳ್ಳಿದೆವ್ವ ಈ ಭಾಗದ ಹಳೆಯ ಹೆಸರು. ಜೌಗು ನೆಲದ ಮೇಲೆ ರಾತ್ರಿ ಬೆಂಕಿ ಓಡಾಡಿದಂತೆ ಕಾಣುವುದು. ಕೊಳೆತ ಗಿಡಗಂಟಿಯಿಂದ ಏಳುವ ಅನಿಲ ಹೊತ್ತಿಕೊಳ್ಳುವುದೇ ಅದಕ್ಕೆ ಕಾರಣ ಎಂದು ಶಾಲೆಯ ಮೇಷ್ಟ್ರು ಹೇಳಿಕೊಡುತ್ತಿದ್ದರು. ಬೆಳ್ಳಂದೂರಿನಲ್ಲಿ ಆ ಪಾಠಕ್ಕೆ ಯಾರೂ ಊಹಿಸದಷ್ಟು ದೊಡ್ಡ ಪ್ರಾತ್ಯಕ್ಷಿಕೆ ಸಿಕ್ಕಿತು. 2015ರ ಮೇನಲ್ಲಿ ಯಮಲೂರು ಬಳಿ ಕೋಡಿಯ ನೊರೆಗೇ ಬೆಂಕಿ ಹತ್ತಿತು. 2018ರ ಜನವರಿ 19ರಂದು ಕೆರೆಯೇ ಹೊತ್ತಿ ಉರಿಯಿತು. ಆರಿಸಲು ಸುಮಾರು 5,000 ಸೈನಿಕರು ಇಳಿಯಬೇಕಾಯಿತು. ವರ್ತೂರಿನಲ್ಲಿ ಗಾಳಿ ಬೀಸಿದಾಗ ಆಳೆತ್ತರದ ಬಿಳಿ ನೊರೆ ರಸ್ತೆಗೆ ನಡೆದು ಬರುತ್ತಿತ್ತು. ಕೊನೆಯ ಬಸ್ಸಿಳಿದು ಬರುವವನ ಎದುರಿಗೆ ಹೆಡ್‌ಲೈಟ್ ಬೆಳಕಿನಲ್ಲಿ ಬೆಳ್ಳಗೆ ತೇಲುತ್ತಿದ್ದದ್ದು ಮನೆಮನೆಯ ಸಾಬೂನಿನ ಪುಡಿ ಮತ್ತು ಕಕ್ಕಸಿನ ನೀರು.

ವೇಷದ ದೆವ್ವಗಳೂ ಇವೆ. 2019ರ ನವೆಂಬರ್ 11ರ ನಸುಕಿನಲ್ಲಿ, ಪೀಣ್ಯಕ್ಕೆ ಹತ್ತಿರದ ಯಶವಂತಪುರ ಷರೀಫ್ ನಗರದಲ್ಲಿ ಬಿಳಿ ಬಟ್ಟೆಗೆ ಕೆಂಪು ಬಣ್ಣ ಬಳಿದುಕೊಂಡು, ಉದ್ದ ಕೂದಲಿನ ವಿಗ್ ಹಾಕಿಕೊಂಡವರು ದಾರಿಹೋಕರಿಗೂ ಆಟೋದವರಿಗೂ ಎದುರಾದರು. ಸೋಲದೇವನಹಳ್ಳಿ ಪೊಲೀಸರು ಏಳು ಯುವಕರನ್ನು ಹಿಡಿದರು. ಎಲ್ಲರೂ ಯೂಟ್ಯೂಬಿಗೆ ಪ್ರಾಂಕ್ ವಿಡಿಯೊ ಮಾಡುತ್ತಿದ್ದ ವಿದ್ಯಾರ್ಥಿಗಳು. ಜಾಮೀನು ಸಿಗುವಂಥ ಕಲಂಗಳಾದ್ದರಿಂದ ಬಿಡುಗಡೆಯೂ ಆಯಿತು. ಆ ಹೊತ್ತಿನಲ್ಲಿ ರಸ್ತೆಯಲ್ಲಿ ಸಿಗುವವರು ಯಾರು ಎಂಬುದನ್ನು ಆ ಹುಡುಗರು ಯೋಚಿಸಿರಲಾರರು. ಪಾಳಿ ಮುಗಿಸಿದವರು, ಮಾರ್ಕೆಟ್ಟಿಗೆ ಹೊರಟವರು, ಫುಟ್‌ಪಾತಿನಲ್ಲಿ ಮಲಗಿದವರು. ಹೆದರಿಸುವವರಿಗೆ ಮಾತ್ರ ಅದು ಬಿಡುವಿನ ವೇಳೆ.

ಹೊಸೂರು ರಸ್ತೆ, ಹೊಸಕೋಟೆ ಹೆದ್ದಾರಿ, ವಿಮಾನ ನಿಲ್ದಾಣದ ರಸ್ತೆ ಮೂರರಲ್ಲೂ ಒಂದೇ ಕಥೆ: ಬಿಳಿ ಸೀರೆಯ ಹೆಂಗಸು ಕೈ ತೋರಿಸುತ್ತಾಳೆ, ಹತ್ತಿಸಿಕೊಂಡು ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಸೀಟು ಖಾಲಿ. ಅಮೆರಿಕದ ಜಾನಪದ ಸಂಶೋಧಕರಾದ ಬಿಯರ್ಡ್ಸ್‌ಲಿ ಮತ್ತು ಹ್ಯಾಂಕಿ 40ರ ದಶಕದಲ್ಲೇ ಈ ಕಥೆಯ ಹತ್ತಾರು ಪಾಠಗಳನ್ನು ಕಲೆಹಾಕಿದ್ದರು. ಜಾನ್ ಹೆರಾಲ್ಡ್ ಬ್ರುನ್‌ವಾಂಡ್ 1981ರ ತಮ್ಮ ಪುಸ್ತಕಕ್ಕೆ ಇದರ ಹೆಸರನ್ನೇ ಇಟ್ಟರು. ಅಲ್ಲಿನ ಹಳೆಯ ಪಾಠಗಳಲ್ಲಿ ಕುದುರೆಗಾಡಿ ಇದ್ದಲ್ಲಿ ಇಲ್ಲಿ ಕ್ಯಾಬ್. ಹೆಚ್ಚಿನ ಪಾಠಗಳಲ್ಲಿ ಹೆದರುವವನು ಚಾಲಕ, ಹೆದರಿಸುವವಳು ಹಿಂದೆ ಕೂತವಳು.

ಪೊಲೀಸ್ ದಾಖಲೆ ತಿರುವುಮುರುವು. 2005ರ ಡಿಸೆಂಬರ್ 13ರ ನಸುಕಿನಲ್ಲಿ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಪಾಳಿಗೆ ಕರೆದೊಯ್ಯಲು ಕ್ಯಾಬ್ ಬಂತು. ಚಾಲಕ ಎಂದಿನವನಲ್ಲ. ಆಕೆ ಕಚೇರಿ ತಲುಪಲಿಲ್ಲ. ಅವನು ಅತ್ಯಾಚಾರ ಮಾಡಿ ಕೊಂದಿದ್ದ. 2010ರ ಅಕ್ಟೋಬರಿನಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು. ರಾತ್ರಿ ದುಡಿಯುವ ಹೆಣ್ಣುಮಕ್ಕಳ ರಕ್ಷಣೆಯ ಷರತ್ತು ಪಾಲಿಸಿಲ್ಲವೆಂದು ಕಂಪನಿಯ ಮುಖ್ಯಸ್ಥರ ಮೇಲೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಇಂದು ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ನೈಟ್ ಕ್ಯಾಬಿನ ಮುಂದಿನ ಸೀಟಿನಲ್ಲಿ ತೂಕಡಿಸುತ್ತ ಕೂತಿರುವ ಗಾರ್ಡ್, ಕೊನೆಯ ಡ್ರಾಪ್ ಹೆಣ್ಣುಮಗಳದ್ದಾಗಿರಬಾರದು ಎಂಬ ರೂಢಿ ಇವೆಲ್ಲ ಆ ಸಾವಿನ ನಂತರ ಬಿಗಿಯಾದವು.

ಯಾರು ಯಾರಿಗೆ ಅಪರಿಚಿತರು ಎಂಬುದೂ ಇಲ್ಲಿ ನಿಂತ ಮಾತಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ಸಂದೇಶ ಮೊಬೈಲಿಂದ ಮೊಬೈಲಿಗೆ ಹಾರಿತು. ಸಾವಿರಾರು ಮಂದಿ ರಾತ್ರೋರಾತ್ರಿ ರೈಲ್ವೆ ನಿಲ್ದಾಣಕ್ಕೆ ಬಂದರು, ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಅವರಲ್ಲಿ ಅದೆಷ್ಟೋ ಮಂದಿ ಸೆಕ್ಯುರಿಟಿ ಗಾರ್ಡ್‌ಗಳು. ಊರಿನ ರಾತ್ರಿಯನ್ನು ಕಾಯುತ್ತಿದ್ದವರೇ ಅದಕ್ಕೆ ಹೆದರಿ ಹೊರಟಿದ್ದರು. ಕೇಂದ್ರ ಸರ್ಕಾರ 15 ದಿನ ಬಲ್ಕ್ ಎಸ್ಸೆಮ್ಮೆಸ್ಸಿಗೆ ಕಡಿವಾಣ ಹಾಕಿತು.

ಇನ್ನು ಪೀಜಿಗಳ ದೆವ್ವ. ಬೆಳಗಿನ ಆರಕ್ಕೆ ಬಂದು, ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗಿದವರಿಗೆ ನಡುಹಗಲಲ್ಲಿ ಎಚ್ಚರವಾಗುತ್ತದೆ. ಕಣ್ಣು ಬಿಟ್ಟಿದೆ, ಕೈಕಾಲು ಆಡುವುದಿಲ್ಲ, ಎದೆಯ ಮೇಲೆ ಯಾರೋ ಕೂತಿದ್ದಾರೆ. ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲಗೊಂಡಿರುತ್ತವೆ. ಮನಸ್ಸು ಮೊದಲೆದ್ದು ಮೈ ಏಳದಿದ್ದರೆ ಹೀಗಾಗುತ್ತದೆ. ವೈದ್ಯರು ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ನಿದ್ದೆಯ ಹೊತ್ತು ಕೆಟ್ಟವರಿಗೆ, ಪಾಳಿ ಬದಲಾಗುತ್ತಲೇ ಇರುವವರಿಗೆ ಇದು ಕಾಣಿಸಿಕೊಳ್ಳುವುದು ಹೆಚ್ಚು. ರೂಮು ಬದಲಿಸಿದರೆ ದೆವ್ವವೂ ಹೊಸ ರೂಮಿಗೆ ಬರುತ್ತದೆ.

ಪೀಣ್ಯದ ಶೆಡ್ಡುಗಳಲ್ಲಿ ಆಯುಧಪೂಜೆಯ ದಿನ ಲೇತಿಗೆ ಅರಿಶಿನ ಕುಂಕುಮ, ಗೇಟಿನಲ್ಲಿ ಬೂದುಗುಂಬಳ, ಹೆದ್ದಾರಿ ಪಕ್ಕದ ಮುನೇಶ್ವರನಿಗೆ ಲಾರಿಯವರ ತೆಂಗಿನಕಾಯಿ, ಬೀಡಿ. ಇಷ್ಟು ರಕ್ಷೆಯಿದ್ದರೂ ಇಲ್ಲಿನ ಥರ್ಡ್ ಶಿಫ್ಟ್ ಬಹುಕಾಲ ಗಂಡಸರದ್ದೇ. 1948ರ ಕಾರ್ಖಾನೆ ಕಾಯ್ದೆ ಸಂಜೆ ಏಳರಿಂದ ಬೆಳಗಿನ ಆರರವರೆಗೆ ಹೆಂಗಸರನ್ನು ಕೆಲಸಕ್ಕಿಡುವುದನ್ನು ತಡೆದಿತ್ತು. ಷರೀಫ್ ನಗರದ ಹುಡುಗರು ವಿಗ್ ಹಾಕಿಕೊಂಡು ಸಿಕ್ಕಿಬಿದ್ದ ಅದೇ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳ ರಾತ್ರಿಪಾಳಿಯನ್ನು ಹೆಂಗಸರಿಗೂ ತೆರೆಯಿತು. ಮನೆಯಿಂದ ಮನೆಗೆ ವಾಹನ ಇರಬೇಕು, ದುಡಿಯುವ ಜಾಗದಲ್ಲೂ ಓಡಾಡುವ ದಾರಿಯಲ್ಲೂ ಬೆಳಕಿರಬೇಕು, ಪಾಳಿಗೆ ಬರುವವಳ ಒಪ್ಪಿಗೆ ಇರಬೇಕು ಎಂಬುದು ಷರತ್ತು.