ತಿರುವಿನಲ್ಲಿ ವಾಲುವ ಗಾಡಿ: ಒಂದು ಉಕ್ಕಿನ ಸರಳಿನ ನೂರು ವರ್ಷದ ಕಥೆ

ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿಬಂದವರಿಗೆ ತಾಳಬೆಟ್ಟದ ಪರಿಚಯ ಮಾಡಿಕೊಡಬೇಕಿಲ್ಲ. ಅಲ್ಲಿಂದ ಮೇಲಕ್ಕೆ ತಿರುವಿನ ಮೇಲೆ ತಿರುವು. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಬಸ್ಸು, ಟೆಂಪೊ, ಬೊಲೆರೊ, ಹಳೇ ಮಾರುತಿ ಎಲ್ಲವೂ ಒಂದರ ಹಿಂದೆ ಒಂದು ಏರುತ್ತವೆ. ಗಾಡಿ ಎಡಕ್ಕೆ ತಿರುಗಿದಾಗ ಮೈ ಬಲಕ್ಕೆ ವಾಲುತ್ತದೆ. ಒಳಗೆ ಕೂತ ಅಜ್ಜಿ "ಮಾದಪ್ಪಾ" ಅಂತ ಮುಂದಿನ ಸೀಟು ಹಿಡಿದುಕೊಳ್ಳುತ್ತಾಳೆ.

ಈ ವಾಲುವಿಕೆ ಕಡಿಮೆ ಮಾಡಲು ಕಾರಿನ ಅಡಿಯಲ್ಲಿ ಒಂದು ಸರಳು ಇರುತ್ತದೆ. ಕೆಲವರು ಅದನ್ನು ಸ್ಟೆಬಿಲೈಸರ್ ಬಾರ್ ಎನ್ನುತ್ತಾರೆ, ಕೆಲವರು ಆಂಟಿ ರೋಲ್ ಬಾರ್, ಇನ್ನು ಕೆಲವರು ಸ್ವೇ ಬಾರ್. ಎಲ್ಲಾ ಒಂದೇ. ಈಗ ಫೋನಿನಲ್ಲಿ ವಿಡಿಯೊ ನೋಡಿದ ನಮ್ಮ ಹುಡುಗರು ಕಂಪನಿ ಕೊಟ್ಟ ಸರಳು ತೆಗೆಸಿ, ಹೊರಗಿನಿಂದ ದಪ್ಪ ಸರಳು ತರಿಸಿ ಹಾಕಿಸುವ ಮಾತಾಡುತ್ತಿದ್ದಾರೆ. ಹಾಕಿಸಿದರೆ ಗಾಡಿ ಮಗುಚುವುದೇ ಇಲ್ಲ ಎಂಬ ನಂಬಿಕೆಯೂ ಹಬ್ಬಿದೆ. ಈ ನಂಬಿಕೆ ಎಷ್ಟು ಸರಿ? ಉತ್ತರ ಸರಳಿನ ಚರಿತ್ರೆಯಲ್ಲೇ ಇದೆ.

ಸರಳು ಬೇಡವಾಗಿದ್ದ ಕಾಲ

1956ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಕಾಲದ ಬಸ್ಸು, ಲಾರಿ, ಜೀಪುಗಳಿಗೆ ಇದ್ದದ್ದು ಕಮಾನ್ ಪಟ್ಟಿ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಭಾರ ಹೊರಲು ಗಟ್ಟಿ, ಕೂರುವವರ ಸೊಂಟಕ್ಕೆ ಶಿಕ್ಷೆ. ಪಟ್ಟಿಯೇ ಅಷ್ಟು ಬಿಗಿಯಾಗಿದ್ದರಿಂದ ವಾಲುವಿಕೆಯನ್ನೂ ಅದೇ ತಕ್ಕಮಟ್ಟಿಗೆ ತಡೆಯುತ್ತಿತ್ತು. ಅಡ್ಡ ಸರಳಿನ ಅಗತ್ಯ ಹೆಚ್ಚು ಕಾಣಲಿಲ್ಲ.

ಹಾಗೆಂದು ಸರಳು ಹೊಸದೇನಲ್ಲ. ಕೆನಡಾ ದೇಶದ ಫ್ರೆಡೆರಿಕ್ಟನ್ ಊರಿನ ಸ್ಟೀಫನ್ ಕೋಲ್ಮನ್ ಎಂಬಾತ 1919ರ ಏಪ್ರಿಲ್ 22ರಂದೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಎರಡನೇ ಮಹಾಯುದ್ಧಕ್ಕೆ ಮೊದಲಿನ ಕಾರುಗಳಲ್ಲಿ ಇದು ಅಪರೂಪ. 1950ರ ನಂತರ ಕಾರುಗಳಿಗೆ ಮೆತ್ತನೆಯ ಸುರುಳಿ ಸ್ಪ್ರಿಂಗ್ ಬಂತು. ಗುಂಡಿಯಲ್ಲಿ ಸುಖ ಸಿಕ್ಕಿತು, ತಿರುವಿನಲ್ಲಿ ವಾಲಾಟ ಹೆಚ್ಚಿತು. ಆಗ ಎಲ್ಲರಿಗೂ ಆ ಸರಳು ನೆನಪಾಯಿತು.

ಇದೇ ಮಾತು ನಮ್ಮ ಬಸ್ಸಿಗೂ ಅನ್ವಯ. 2001ರಲ್ಲಿ ಭಾರತಕ್ಕೆ ಬಂದ ವೋಲ್ವೋ ಬಸ್ಸು ಗಾಳಿ ತುಂಬಿದ ಚೀಲಗಳ ಮೇಲೆ ಕೂರುತ್ತದೆ. ತೊಟ್ಟಿಲಲ್ಲಿ ಕೂತಂತೆ ಇರುತ್ತದೆ. ಆದರೆ ಗಾಳಿ ಚೀಲಕ್ಕೆ ವಾಲುವುದನ್ನು ತಡೆಯುವ ಶಕ್ತಿ ಕಡಿಮೆ. ಹಾಗಾಗಿ ಇಂಥ ಬಸ್ಸುಗಳಿಗೆ ಅಡ್ಡ ಸರಳು ಬೇಕೇ ಬೇಕು.

ಅದು ಕೆಲಸ ಮಾಡುವುದು ಹೇಗೆ?

ಒದ್ದೆ ಬಟ್ಟೆಯನ್ನು ಎರಡು ತುದಿ ಹಿಡಿದು ಹಿಂಡುವುದನ್ನು ನೆನಪಿಸಿಕೊಳ್ಳಿ. ಎರಡು ಕೈಯನ್ನೂ ಒಂದೇ ಕಡೆ ತಿರುಗಿಸಿದರೆ ಬಟ್ಟೆ ಸುಮ್ಮನೆ ಉರುಳುತ್ತದೆ. ಒಂದು ಕೈ ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಿರುಗಿಸಿದರೆ ಮಾತ್ರ ಹುರಿಯಾಗುತ್ತದೆ. ಸ್ವೇ ಬಾರ್ ಕೂಡ ಹಾಗೆಯೇ. ಯು ಆಕಾರದ ಸರಳಿನ ಎರಡು ತುದಿ ಎಡ ಬಲದ ಚಕ್ರಗಳ ಕಡೆಗೆ, ನಡುವಿನ ಭಾಗ ಗಾಡಿಯ ಮೈಗೆ ರಬ್ಬರ್ ಬುಷ್ ಮೂಲಕ ಕಟ್ಟಿರುತ್ತದೆ. ರಸ್ತೆ ಉಬ್ಬಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಎದ್ದರೆ ಸರಳಿಗೆ ಕೆಲಸವಿಲ್ಲ. ತಿರುವಿನಲ್ಲಿ ಒಂದು ಚಕ್ರ ಒಳಕ್ಕೆ ಒತ್ತಿ, ಇನ್ನೊಂದು ಕೆಳಕ್ಕೆ ಜೋತಾಗ ಸರಳು ಹುರಿಯಾಗುತ್ತದೆ. ಹುರಿ ಬಿಚ್ಚಿಕೊಳ್ಳಲು ಅದು ಎಳೆಯುವ ಬಲವೇ ವಾಲುವುದನ್ನು ತಡೆಯುತ್ತದೆ.

ನಮ್ಮ ಹಳೇ ಅಂಬಾಸಿಡರ್ ಕಾರಿನ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇರಲಿಲ್ಲ. ತಿರುಚಿಕೊಳ್ಳುವ ಉದ್ದ ಸರಳೇ ಸ್ಪ್ರಿಂಗ್ ಆಗಿತ್ತು. ಅದು ಗಾಡಿಯ ಭಾರ ಹೊರುವ ಸರಳು, ಇದು ವಾಲಾಟ ತಡೆಯುವ ಸರಳು. ಕೆಲಸ ಬೇರೆ, ಗುಟ್ಟು ಒಂದೇ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮುಂಭಾಗದಲ್ಲಿ ಈ ಸರಳಿಗೆ ಇನ್ನೊಂದು ಕೆಲಸವೂ ಇತ್ತು. ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದೂ ಅದೇ. 1950ರ ಬ್ರಿಟನ್ನಿನ ಫೋರ್ಡ್ ಕಾನ್ಸುಲ್ ಕಾರಿನಲ್ಲಿ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರ್ ತಂದ ಉಳಿತಾಯದ ಉಪಾಯ ಅದು. ಹಾಗಾಗಿ ಇಂಥ ಕಾರಿನಲ್ಲಿ ಸರಳಿನ ಬುಷ್ ಸವೆದರೆ ವಾಲಾಟವಷ್ಟೇ ಅಲ್ಲ, ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯಲೂಬಹುದು. ಶಬ್ದ ಬರುತ್ತದೆಂದು ಸರಳು ಬಿಚ್ಚಿಟ್ಟು ಓಡಿಸುವುದಂತೂ ಜೀವದ ಜತೆ ಆಟ.

ಸರಳು ಉಳಿಸಲು ಹೋದವರ ಕಥೆ

ಈ ಸರಳಿನ ಬೆಲೆ ಜಗತ್ತಿಗೆ ತಿಳಿದದ್ದು ಅಮೆರಿಕದ ಒಂದು ಕಾರಿನಿಂದ. 1960ರ ಮಾದರಿಯಾಗಿ ಜನರಲ್ ಮೋಟಾರ್ಸ್ ಕಂಪನಿ ಷೆವ್ರೊಲೆ ಕಾರ್ವೇರ್ ಎಂಬ ಕಾರು ತಂದಿತು. ಎಂಜಿನ್ ಹಿಂದೆ, ಭಾರವೂ ಹಿಂದೆ. ಮುಂದೆ ಸ್ವೇ ಬಾರ್ ಹಾಕಿದ್ದರೆ ಹಿಂಭಾಗ ಜಾರುವುದು ಕಡಿಮೆಯಾಗುತ್ತಿತ್ತು. ಖರ್ಚು ಉಳಿಸಲು ಕಂಪನಿ ಅದನ್ನು ಬಿಟ್ಟಿತು. ಬದಲಿಗೆ ಮುಂದಿನ ಟೈರಿಗೆ 15 ಪೌಂಡ್, ಹಿಂದಿನ ಟೈರಿಗೆ 26 ಪೌಂಡ್ ಗಾಳಿ ಹಿಡಿಸಿ ಎಂದು ಹೇಳಿತು. ಗಾಳಿ ಹಿಡಿಸುವಾಗ ಯಾರು ಇಷ್ಟೆಲ್ಲ ಲೆಕ್ಕ ಇಡುತ್ತಾರೆ? ನಾಲ್ಕೂ ಟೈರಿಗೆ ಒಂದೇ ಸಮ ಹಿಡಿಸಿದವರ ಕಾರು ತಿರುವಿನಲ್ಲಿ ಬಾಲ ಬೀಸಿತು.

ಕೆಲವು ಮಾಲೀಕರು ಹೊರಗಿನಿಂದ ಭಾಗ ತರಿಸಿ ಹಾಕಿಸಿಕೊಂಡರು. ಕಂಪನಿ ಕೂಡ ಹೆಚ್ಚು ಹಣ ಕೊಟ್ಟವರಿಗೆ ಸರಳು ಕೊಟ್ಟಿತು. ಕೊನೆಗೆ 1964ರ ಮಾದರಿಯಿಂದ ಎಲ್ಲಾ ಕಾರ್ವೇರ್‌ಗಳಿಗೂ ಮುಂದಿನ ಸ್ವೇ ಬಾರ್ ಕಡ್ಡಾಯವಾಗಿ ಬಂತು. 1965ರಲ್ಲಿ ರಾಲ್ಫ್ ನಾಡರ್ ಎಂಬ ವಕೀಲ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನ ಬಗ್ಗೆ. ಕಂಪನಿ ನಾಡರ್ ಹಿಂದೆ ಪತ್ತೇದಾರರನ್ನು ಬಿಟ್ಟಿತು. ಅದು ಬಯಲಾಗಿ 1966ರಲ್ಲಿ ಕಂಪನಿಯ ಅಧ್ಯಕ್ಷರೇ ಸೆನೆಟ್ ಸಮಿತಿ ಮುಂದೆ ಕ್ಷಮೆ ಕೇಳಿದರು. ಅದೇ ವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1972ರಲ್ಲಿ ಅಮೆರಿಕದ ಸರ್ಕಾರಿ ಸುರಕ್ಷತಾ ಸಂಸ್ಥೆ ಪರೀಕ್ಷೆ ಮಾಡಿ, ಕಾರ್ವೇರ್ ಆ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದೇನಲ್ಲ ಎಂದಿತು. ಹಾಗಾದರೆ ಪಾಠವೇನು? ಗಾಡಿಯ ಗುಣ ಒಂದೇ ಭಾಗದಿಂದ ಬರುವುದಿಲ್ಲ. ಟೈರಿನ ಗಾಳಿ, ಭಾರ ಇರುವ ಜಾಗ, ಸ್ಪ್ರಿಂಗ್, ಸರಳು, ಓಡಿಸುವ ಕೈ ಎಲ್ಲಾ ಸೇರಿ ಒಂದು ಲೆಕ್ಕ.

ದಪ್ಪವಾದಷ್ಟೂ ಒಳ್ಳೆಯದೇ?

ಇಲ್ಲಿ ಒಂದು ಸಣ್ಣ ಗಣಿತ ಇದೆ. ಸರಳಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 20 ಮಿ.ಮೀ. ಸರಳು ತೆಗೆದು 22 ಮಿ.ಮೀ. ಹಾಕಿದರೆ ದಪ್ಪ ಹೆಚ್ಚಿದ್ದು ಹತ್ತು ಪಾಲು, ಬಿಗಿ ಹೆಚ್ಚಿದ್ದು ನೂರಕ್ಕೆ 46. ಅದೇ 24 ಮಿ.ಮೀ. ಹಾಕಿದರೆ ಬಿಗಿ ಎರಡರಷ್ಟಾಗುತ್ತದೆ. "ನಾಲ್ಕು ಮಿ.ಮೀ. ತಾನೆ" ಎಂದು ಅಂಗಡಿಯವರು ಹೇಳಿದರೆ ಈ ಲೆಕ್ಕ ನೆನಪಿರಲಿ.

ಟೊಳ್ಳು ಸರಳು ಎಂದರೆ ಮೋಸ ಎಂದುಕೊಳ್ಳಬೇಡಿ. 25 ಮಿ.ಮೀ. ಸರಳಿನ ನಡುವೆ 15 ಮಿ.ಮೀ. ಟೊಳ್ಳಿದ್ದರೆ ತೂಕ ನೂರಕ್ಕೆ 36 ಕಡಿಮೆ, ಬಿಗಿ ಕಡಿಮೆಯಾಗುವುದು 13 ಮಾತ್ರ. ತಿರುಚುವ ಬಲವನ್ನು ಹೆಚ್ಚಾಗಿ ಹೊರುವುದು ಹೊರಮೈ.

ಬಿಗಿ ಹೆಚ್ಚಾದರೆ ಏನಾಗುತ್ತದೆ? ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಭಾರ ಹೋಗುವುದನ್ನು ಯಾವ ಸರಳೂ ನಿಲ್ಲಿಸುವುದಿಲ್ಲ. ಆ ಭಾರದಲ್ಲಿ ಮುಂದಿನವು ಎಷ್ಟು ಹೊರಬೇಕು, ಹಿಂದಿನವು ಎಷ್ಟು ಎಂಬುದನ್ನು ಮಾತ್ರ ಸರಳು ನಿರ್ಧರಿಸುತ್ತದೆ. ಮುಂದಿನ ಸರಳು ಬಿಗಿಯಾದರೆ ಮುಂದಿನ ಹೊರಚಕ್ರ ಹೆಚ್ಚು ಹೊರುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಮೂಗು ಹೊರಕ್ಕೆ ಹೋಗಲು ನೋಡುತ್ತದೆ. ಹಿಂದಿನದು ಬಿಗಿಯಾದರೆ ಕಾರು ಚುರುಕಾಗಿ ತಿರುಗುತ್ತದೆ, ಆದರೆ ಮಳೆಯಲ್ಲಿ ಬಾಲ ಜಾರುತ್ತದೆ. ಮೂಗು ಹೊರಕ್ಕೆ ಹೋದರೆ ಕಾಲು ತೆಗೆದು ನಿಧಾನ ಮಾಡಬಹುದು. ಘಾಟಿಯಲ್ಲಿ ಬಾಲ ಜಾರಿದರೆ ಸಾಮಾನ್ಯ ಚಾಲಕನ ಕೈಗೆ ಸಿಗುವುದು ಕಷ್ಟ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರ‍್ಯಾಲಿ ಓಡಿಸುವವರಿಗೆ ಬೇಕಾದ ಹೊಂದಾಣಿಕೆ ಬೇರೆ, ಮಕ್ಕಳು ಮರಿ ಕೂರಿಸಿಕೊಂಡು ಬೆಟ್ಟ ಹತ್ತುವವರಿಗೆ ಬೇಕಾದದ್ದು ಬೇರೆ.

ಇನ್ನೊಂದು ತೊಂದರೆಯೂ ಇದೆ. ಸರಳು ಎರಡು ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದಕ್ಕೂ ಕುಲುಕು. ಬೆಟ್ಟದ ಮೇಲಿನ ಇಂಡಿಗನತ್ತ, ತುಳಸಿಕೆರೆ ಕಡೆಯ ಕಲ್ಲು ದಾರಿಗೆ ಹೋಗುವ ಜೀಪಿಗೆ ಬಿಗಿ ಸರಳು ಹಾಕಿದರೆ ಒಂದು ಚಕ್ರ ನೆಲ ಬಿಟ್ಟು ಮೇಲೇಳಬಹುದು. ಇದಕ್ಕೆಂದೇ 2007ರ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಮಾದರಿಯಲ್ಲಿ ಗುಂಡಿ ಒತ್ತಿ ಸರಳನ್ನು ಬಿಡಿಸುವ ಸೌಲಭ್ಯ ಕೊಟ್ಟರು.

ಹಾಕಿಸುವುದೇ ಆದರೆ

ಮೊದಲು ಇರುವುದನ್ನು ನೋಡಿ. ಬುಷ್ ಬಿರಿದಿದೆಯೇ, ಲಿಂಕ್ ಅಲುಗಾಡುತ್ತದೆಯೇ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯೇ, ಟೈರಿನ ಗಾಳಿ ಸರಿಯಿದೆಯೇ. ಎಷ್ಟೋ ಗಾಡಿಗಳ ವಾಲಾಟಕ್ಕೆ ಇವೇ ಕಾರಣ. ಹೊಸ ಬುಷ್ ಮತ್ತು ಲಿಂಕಿಗೆ ಆಗುವ ಖರ್ಚು ಹೊಸ ಸರಳಿಗಿಂತ ತೀರಾ ಕಡಿಮೆ.

ಕಾರಿನ ಹಿಂದೆ ಸರಳು ಕಾಣದಿದ್ದರೆ ಕಂಪನಿ ಮೋಸ ಮಾಡಿದೆ ಎಂದುಕೊಳ್ಳಬೇಡಿ. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾಲದಿಂದ ಸಣ್ಣ ಕಾರುಗಳಿಗೆ ತಿರುಚಿಕೊಳ್ಳುವ ಹಿಂದಿನ ಬೀಮ್ ಬಂದಿದೆ. ನಮ್ಮ ಸ್ವಿಫ್ಟ್‌ನಲ್ಲೂ ಅದೇ. ಆ ಬೀಮೇ ಸ್ವೇ ಬಾರಿನ ಕೆಲಸವನ್ನೂ ಮಾಡುತ್ತದೆ.

ಕೆಲವು ಸರಳುಗಳ ತುದಿಯಲ್ಲಿ ಎರಡು ಮೂರು ತೂತು ಇರುತ್ತವೆ. ತುದಿಯ ತೂತಿಗೆ ಲಿಂಕ್ ಹಾಕಿದರೆ ತೋಳು ಉದ್ದ, ಸರಳು ಮೆತ್ತಗೆ. ಒಳಗಿನ ತೂತಿಗೆ ಹಾಕಿದರೆ ತೋಳು ಗಿಡ್ಡ, ಸರಳು ಬಿಗಿ. 250 ಮಿ.ಮೀ. ತೋಳು 225ಕ್ಕೆ ಇಳಿದರೆ ಬಿಗಿ ನೂರಕ್ಕೆ ಸುಮಾರು 23 ಏರುತ್ತದೆ. ಎಡ ಬಲ ಎರಡೂ ಕಡೆ ಒಂದೇ ತೂತು ಇರಲಿ. ಮೆತ್ತನೆಯದರಿಂದ ಶುರು ಮಾಡಿ, ಒಂದು ಸಲಕ್ಕೆ ಒಂದೇ ತೂತು ಬದಲಿಸಿ, ಖಾಲಿ ಗಾಡಿ ಮತ್ತು ತುಂಬಿದ ಗಾಡಿ ಎರಡನ್ನೂ ನಿಧಾನವಾಗಿ ಓಡಿಸಿ ನೋಡಿ.

ಕೊನೆಯ ಬಿಗಿ ಮಾಡುವಾಗ ಗಾಡಿ ಸಮನೆಲದ ಮೇಲೆ, ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಜಾಕಿ ಮೇಲೆ ಜೋತಾಡುವಾಗ ಬಿಗಿ ಮಾಡಿದರೆ ಬುಷ್ ಮೊದಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ಲಿಂಕಿನ ಉದ್ದ ಸರಿಯಿಲ್ಲದಿದ್ದರೆ ಸರಳು ನಿಂತಲ್ಲೇ ಹುರಿಯಾಗಿರುತ್ತದೆ. ಆಗ ಗಾಡಿ ಎಡಕ್ಕೊಂದು ರೀತಿ, ಬಲಕ್ಕೊಂದು ರೀತಿ ತಿರುಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಸರಳು ಬ್ರೇಕ್ ಪೈಪಿಗೂ ಟೈರಿಗೂ ತಾಗುವುದಿಲ್ಲ ಎಂದು ನೋಡಿ. ಕೆಲವು ದಿನ ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ನೋಡಿಸಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಾಡು ಮಾಡುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಹೊರಗಿನ ಭಾಗ ಹಾಕಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಕೇಳಿಕೊಳ್ಳಿ. ಹಳದಿ ಬೋರ್ಡಿನ ಗಾಡಿಯವರು ಇದನ್ನು ಮರೆಯಲೇಬಾರದು.

ಸರಳು ಮಾಡಲಾಗದ ಕೆಲಸ

1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯವರು ಮರ್ಸಿಡಿಸ್ ಎ ಕ್ಲಾಸ್ ಕಾರನ್ನು ಪರೀಕ್ಷೆಗೆ ಓಡಿಸಿದರು. ರಸ್ತೆಗೆ ಪ್ರಾಣಿ ಅಡ್ಡ ಬಂದಾಗ ಸ್ಟೇರಿಂಗ್ ಎಳೆದು ಮತ್ತೆ ಹಿಂತಿರುಗಿಸುವ ಪರೀಕ್ಷೆ ಅದು. ಹೊಚ್ಚಹೊಸ ಕಾರು ಮಗುಚಿತು. ಕಂಪನಿ ಸಸ್ಪೆನ್ಷನ್ ಬದಲಿಸಿ, ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನೂ ಹಾಕಬೇಕಾಯಿತು. ಕಾಡುಪ್ರಾಣಿ ಅಡ್ಡ ಬರುವ ನಮ್ಮ ದಾರಿಯಲ್ಲಿ ಇದು ದೂರದ ಕಥೆಯಲ್ಲ. ಎತ್ತರದ ಗಾಡಿಯನ್ನು ವೇಗದಲ್ಲಿ ಸರಕ್ಕನೆ ಎಳೆದರೆ ಸರಳೊಂದೇ ಕಾಪಾಡುವುದಿಲ್ಲ.

ಗಾಡಿ ಮಗುಚುವುದು ಮುಖ್ಯವಾಗಿ ಮೂರರ ಮೇಲೆ ನಿಂತಿದೆ: ಭಾರ ಎಷ್ಟು ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ ಅಂತರ ಎಷ್ಟು, ತಿರುವಿನಲ್ಲಿ ವೇಗ ಎಷ್ಟು. ವೇಗ ಎರಡರಷ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕರಷ್ಟು. ಮೇಲಿನ ಕ್ಯಾರಿಯರ್‌ನಲ್ಲಿ ಅಕ್ಕಿ ಮೂಟೆ, ಪಾತ್ರೆ, ಸೌದೆ ಕಟ್ಟಿ, ಜನರನ್ನೂ ತುಂಬಿ ಹೊರಟರೆ ಭಾರ ಎತ್ತರಕ್ಕೆ ಹೋಯಿತು. ದಪ್ಪ ಸರಳು ಆಗ ಒಂದು ಕೆಟ್ಟ ಕೆಲಸವನ್ನೂ ಮಾಡುತ್ತದೆ. ವಾಲಾಟ ಕಡಿಮೆಯಾದ್ದರಿಂದ ಚಾಲಕನಿಗೆ ಹೆದರಿಕೆ ಆಗುವುದಿಲ್ಲ, ವೇಗ ಏರುತ್ತದೆ. ವಾಲಾಟ ಎಂಬುದು ಗಾಡಿ ಕೊಡುವ ಎಚ್ಚರಿಕೆ. ಎಚ್ಚರಿಕೆ ಹೋಯಿತು, ಅಪಾಯ ಉಳಿಯಿತು.

ಬೆಟ್ಟದ ಪರಿಷೆಗೆ ಗಾಡಿ ಕಟ್ಟುವವರು ಹೊರಡುವ ಹಿಂದಿನ ದಿನವೇ ಬುಷ್, ಲಿಂಕ್, ಟೈರಿನ ಗಾಳಿ ನೋಡಿಸಿ. ಭಾರದ ಸಾಮಾನು ಗಾಡಿಯ ಒಳಗೆ, ಕೆಳಗೆ ಇರಲಿ. ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ. ಇಷ್ಟು ಮಾಡಿದ ಮೇಲೂ ಗಾಡಿ ಹೆಚ್ಚು ವಾಲುತ್ತದೆ ಎನಿಸಿದರೆ ಆಗ ಹೊಸ ಸರಳಿನ ಯೋಚನೆ ಮಾಡಿ.