ಫಿಲ್ಮಿನಲ್ಲಿ ಹೆಸರಿಲ್ಲದವರು

ಅಣೆಕಟ್ಟು, ಪವರ್ ಹೌಸ್ ಕಟ್ಟೋ ಹಳೇ ಸರ್ಕಾರಿ ಫಿಲ್ಮುಗಳನ್ನ ನೋಡ್ತಾ ಕೂತಿದ್ದೆ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ ಇಂಥವನ್ನ ಟಾಕೀಸುಗಳಲ್ಲಿ ಸಿನಿಮಾಗೂ ಮುಂಚೆ ತೋರಿಸ್ತಿತ್ತು. ಸ್ವಿಚ್ ಒತ್ತೋ ಮಂತ್ರಿಗೆ ಹೆಸರಿದೆ, ಮಂಕರಿ ಹೊತ್ತ ಹೆಂಗಸಿಗಿಲ್ಲ.

ನಮ್ಮ ಕನಕಪುರದ ಕಥೆ ಇನ್ನೂ ಹಳೇದು. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಿದ್ದು ಈ ಸೀಮೆ ಹಾದೇ. ಆ ಗಣಿಯೊಳಗೆ ದುಡಿದವರಲ್ಲಿ ಹೆಚ್ಚಿನವರು ದಲಿತರು. ಮೊದಲು ಬಂಗಾರಕ್ಕೆ, 1905ರಲ್ಲಿ ಬೆಂಗಳೂರಿಗೆ. ತಂತಿ ಕೆಳಗಿನ ಹಳ್ಳಿಗಳು ಕತ್ತಲಲ್ಲೇ ಉಳಿದವು. ಊರಿಗೆ ಬೆಳಕು ಬಂದಮೇಲೂ ಕೇರಿಗೆ ಕಡೇ ಸರದಿ.

ಅಗ್ಗದ, ಧಾರಾಳ ವಿದ್ಯುತ್ ಇಲ್ಲದೆ ಬಡತನ ಹೋಗಲ್ಲ ಅಂತ 1943ರಲ್ಲೇ ಹೇಳಿದವರು ಬಾಬಾಸಾಹೇಬರು, ಆಗ ವೈಸರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರು.

ಕಂಬದ ಗುಂಡಿ ತೋಡಿದ, ಕಲ್ಲು ಹೊತ್ತ ನಿಮ್ಮ ಹಿರಿಯರನ್ನ ಮನೆಯಲ್ಲಿ ಕೇಳಿ, ಬರೆದಿಡಿ. ಆ ಫಿಲ್ಮು ನಾವೇ ಪೂರ್ತಿ ಮಾಡ್ಬೇಕು.